ಪ್ರಬಂಧದ ಮೇಲೆ ಯಾರ ಹೆಸರು?

ತೋಟಕ್ಕೆ ಕಾಲಿಡುವ ಮುಂಚೆಯೇ, ಸಂಶೋಧನಾ ಪ್ರಬಂಧದಲ್ಲಿ ಲೇಖಕರೆಂದು ಯಾರ ಹೆಸರು ಹಾಕಬೇಕೆಂಬ ವಿಷಯ ಇತ್ಯರ್ಥ ಮಾಡಿಕೊಳ್ಳುವುದು ನನ್ನ ಪದ್ಧತಿ. ಕೆಲಸ ಮುಗಿದ ಮೇಲೆ ಆ ಮಾತೆತ್ತಿದರೆ ದಾಕ್ಷಿಣ್ಯ, ಮುನಿಸು, ಹುದ್ದೆಯ ಭಾರ ಎಲ್ಲವೂ ನಡುವೆ ಬಂದು ಕೂರುತ್ತವೆ. ದಕ್ಷಿಣ ಕೊಡಗಿನ ಕಾಫಿ ತೋಟಗಳ ನೆರಳು ಮರಗಳ ಅಧ್ಯಯನಕ್ಕೆ ಕೈಹಾಕಿದಾಗಲೂ ಯಾರು ಏನು ಮಾಡುವುದೆಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡೆವು.

ಅಳತೆಗೋಲು ಹೊಸದೇನಲ್ಲ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕರಿಗೆ ನಾಲ್ಕು ಷರತ್ತು ಹಾಕಿದೆ: ಅಧ್ಯಯನದ ರೂಪರೇಷೆ, ಮಾಹಿತಿ ಸಂಗ್ರಹ ಅಥವಾ ವಿಶ್ಲೇಷಣೆಯಲ್ಲಿ ಗಣನೀಯ ಪಾಲು; ಬರೆಯುವುದು ಇಲ್ಲವೇ ಬರೆದದ್ದನ್ನು ವಿಮರ್ಶಿಸಿ ತಿದ್ದುವುದು; ಅಂತಿಮ ಪ್ರತಿಗೆ ಒಪ್ಪಿಗೆ; ಆಮೇಲೆ ಪ್ರಬಂಧದ ಹೊಣೆ. ನಾಲ್ಕೂ ಬೇಕು. ಸಸ್ಯಶಾಸ್ತ್ರದವಳಾದ ನನಗೂ ಇದು ಒಗ್ಗುತ್ತದೆ. ಹೀಗೆ ನೋಡಿದರೆ, ರೂಢಿಯಂತೆ ಹೆಸರು ಸೇರಿಸಬೇಕೆನ್ನುವ ಹಿರಿಯರಿಗೂ ಜೀಪು ಕೊಟ್ಟ ತೋಟದ ಮಾಲೀಕರಿಗೂ ಕೃತಜ್ಞತೆಯ ಸಾಲಿನಲ್ಲಿ ಜಾಗ.

ಮಾಲೀಕರಂತೂ, "ನನ್ನ ಹೆಸರೂ ಬೇಡ ಮೇಡಂ, ತೋಟದ ಹೆಸರೂ ಬೇಡ" ಎಂದರು. ಕಾರಣ ಕೊಡಗಿನವರಿಗೆ ಗೊತ್ತು. ಅನ್‌ರಿಡೀಮ್ಡ್ ಜಾಗದಲ್ಲಿ, ಅಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ ಜಾಗದಲ್ಲಿ, ಮರದ ಹಕ್ಕು ಸರ್ಕಾರದ್ದು. ಬೀಟೆ ಮರದ ಲೆಕ್ಕ ಅಚ್ಚಾದರೆ ಕಚೇರಿಯ ಕಣ್ಣೂ ಕಳ್ಳರ ಕಣ್ಣೂ ಒಟ್ಟಿಗೆ ಬೀಳುತ್ತವೆ. ತೋಟಗಳಿಗೆ ಅಕ್ಷರ ಸಂಕೇತ ಕೊಟ್ಟು, ಜಿಪಿಎಸ್ ಅಂಕಿಗಳನ್ನು ನಕ್ಷೆಯಿಂದ ತೆಗೆದೆ. ಮಾಹಿತಿಯನ್ನೆಲ್ಲ ಬಹಿರಂಗವಾಗಿಡಿ ಎನ್ನುವ ಪತ್ರಿಕೆಗೆ ಇದನ್ನು ಪತ್ರದಲ್ಲೇ ವಿವರಿಸಿದರೆ ಸಾಕು.

ನಿಜವಾದ ಚರ್ಚೆ ನಡೆದದ್ದು ನಮ್ಮ ಜೊತೆ ಓಡಾಡಿದ ಎರವ ಬುಡಕಟ್ಟಿನ ಹಿರಿಯರೊಬ್ಬರ ಬಗ್ಗೆ. ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಸವರುವ ಕೆಲಸ, ಆದಮೇಲೆ ಬೋಳು ನಿಂತ ಅತ್ತಿ, ಬಸರಿ, ಗೋಳಿಗಳನ್ನು ಎಲೆ ನೋಡಿ ಹೇಳುವಂತಿಲ್ಲ. ಅವರು ತೊಗಟೆಗೆ ಕತ್ತಿ ತಾಗಿಸಿ, ಹಾಲು ನೋಡಿ, ಮೂಸಿ ಹೇಳುತ್ತಿದ್ದರು. ಚಿಗುರು ಬಂದಾಗ ನಾವು ಹೋಗಿ ತಾಳೆ ನೋಡುತ್ತಿದ್ದೆವು. ಇದು ಕೂಲಿ ಕೆಲಸವೇ? ಅದೇ ನಿಯಮಾವಳಿಯಲ್ಲಿ ಹೆಚ್ಚಿನವರು ದಾಟಿ ಹೋಗುವ ಮಾತೊಂದಿದೆ: ಮೊದಲ ಷರತ್ತು ಪೂರೈಸಿದವರಿಗೆ ತಿದ್ದುವ, ಒಪ್ಪುವ ಅವಕಾಶ ಕೊಡಲೇಬೇಕು; ಅವಕಾಶ ತಪ್ಪಿಸಿ ಅನರ್ಹರೆನ್ನುವಂತಿಲ್ಲ. ಹಾಗಾಗಿ ಪ್ರಬಂಧವನ್ನು ಕನ್ನಡಕ್ಕೆ ತಂದು ತೋಟದ ಕಾರ್ಮಿಕರ ಸಾಲುಮನೆಯಾದ ಅವರ ಲೈನ್ ಮನೆಯಲ್ಲಿ ಕೂತು ಓದಿದೆ. ನೆಟ್ಟ ಮರಗಳ ಪಟ್ಟಿ ಬಂದಾಗ ತಡೆದರು. "ಬಸರಿನ ಯಾರು ನೆಡ್ತಾರಮ್ಮ? ಹಕ್ಕಿ ಹಾಕಿದ್ದು ಅದು." ಒಂದೊಂದೇ ಮರ ನೆನಪಿಸಿಕೊಂಡು ಹೇಳಿದರು, ಕೋಷ್ಟಕವೇ ಬದಲಾಯಿತು. ವಿಮರ್ಶಿಸಿ ತಿದ್ದುವುದು ಎಂದರೆ ಇನ್ನೇನು?

"ಇಂಗ್ಲಿಷ್ ಓದಲು ಬಾರದವರು ಹೊಣೆ ಹೊರುವುದು ಹೇಗೆ?" ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ನಮ್ಮ ತಂಡದ ಸಂಖ್ಯಾಶಾಸ್ತ್ರಜ್ಞರಿಗೆ ಮತ್ತಿಗೂ ಹೊನ್ನೆಗೂ ವ್ಯತ್ಯಾಸ ಗೊತ್ತಿಲ್ಲ, ಅವರ ಹೆಸರಿಗೆ ಯಾರೂ ತಕರಾರು ತೆಗೆಯಲಿಲ್ಲ! ಹೊಣೆ ಎಂದರೆ ಇಷ್ಟೇ: ತನ್ನ ಪಾಲಿಗೆ ತಾನು ಉತ್ತರಿಸಬೇಕು, ಉಳಿದದ್ದಕ್ಕೆ ಯಾರನ್ನು ಕೇಳಬೇಕೆಂದು ತಿಳಿದಿರಬೇಕು, ಪ್ರಶ್ನೆ ಎದ್ದರೆ ಬಗೆಹರಿಸಲು ಜೊತೆಗಿರಬೇಕು.

ಪತ್ರಿಕೆಯ ಆಯ್ಕೆ ಇಷ್ಟು ಕಷ್ಟವಾಗಲಿಲ್ಲ. ನಂಬಬಹುದಾದ ಪತ್ರಿಕೆಗಳನ್ನು ಹೆಸರಿಸುತ್ತಿದ್ದ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ಕೇರ್ ಪಟ್ಟಿ 2025ರಲ್ಲಿ ನಿಂತಿದೆ, ಪತ್ರಿಕೆಯ ಪರೀಕ್ಷೆ ಈಗ ನಮ್ಮದೇ. ವಾರದಲ್ಲಿ ಪ್ರಕಟಿಸುತ್ತೇವೆ ಎನ್ನುವ ಆಹ್ವಾನಗಳನ್ನು ಓದದೆ ಅಳಿಸುತ್ತೇನೆ. ಶುಲ್ಕ ಮೊದಲೇ ಹೇಳಿದ್ದಾರೆಯೇ, ಸಂಪಾದಕ ಮಂಡಳಿಯವರು ತಮ್ಮ ಸಂಸ್ಥೆಯ ಪುಟದಲ್ಲೂ ಹಾಗೆಂದು ಹೇಳಿಕೊಂಡಿದ್ದಾರೆಯೇ ನೋಡುತ್ತೇನೆ. 1997ರಲ್ಲಿ ಆರಂಭವಾದ ಪ್ರಕಟಣಾ ನೀತಿ ಸಮಿತಿ 'ಕೋಪ್'ನ ಲಾಂಛನವನ್ನು ಯಾರು ಬೇಕಾದರೂ ಅಂಟಿಸಬಹುದು. ಸದಸ್ಯರ ಪಟ್ಟಿಯನ್ನು ಕೋಪ್‌ನಲ್ಲೇ ತೆರೆದು ನೋಡಬೇಕು. ಕಳಿಸುವುದು ಒಂದೇ ಪತ್ರಿಕೆಗೆ. ಅಲ್ಲಿಂದ ಉತ್ತರ ಬರುವವರೆಗೆ ಇನ್ನೊಂದಕ್ಕಿಲ್ಲ.

ಪತ್ರಿಕೆಗೆ ಪ್ರಬಂಧ ಕಳಿಸುವ ಅರ್ಜಿಯಲ್ಲಿ ಪ್ರತಿ ಲೇಖಕರಿಗೂ ಇಮೇಲ್, ಸಂಸ್ಥೆ ಕಡ್ಡಾಯವಾಗಿತ್ತು. ಹಿರಿಯರ ಮೊಮ್ಮಗಳ ಫೋನಿನಲ್ಲಿ ಇಮೇಲ್ ತೆರೆದೆವು, ಸಂಸ್ಥೆಯ ಜಾಗದಲ್ಲಿ ಊರಿನ ಹೆಸರು ಹಾಕಿದೆವು. ಸಂಪಾದಕರು ವಿವರಣೆ ಕೇಳಿದರು. ಮರ ಗುರುತಿಸಿದ್ದು, ಕೋಷ್ಟಕ ತಿದ್ದಿದ್ದು, ಓದಿಸಿ ಕೇಳಿ ಒಪ್ಪಿದ್ದು ಎಂದು ಬರೆದು ಕಳಿಸಿದೆ. ಮೂರನೇ ಲೇಖಕರಾಗಿ ಅವರ ಹೆಸರು ಹಾಗೇ ಉಳಿಯಿತು.