ಸಾಕುನಾಯಿಯ ಹಲ್ಲು ಮುರಿದರೆ ಏನು ಮಾಡಬೇಕು?

ಚಿಕ್ಕಬಳ್ಳಾಪುರದ ಕಡೆ ಮನೆಯ ನಾಯಿಗೆ ಹಾಕುವುದು ಹೆಚ್ಚಾಗಿ ಮುದ್ದೆ ಅಥವಾ ಅನ್ನ. ಮುದ್ದೆಯನ್ನು ಮನುಷ್ಯರೇ ಅಗಿಯದೆ ನುಂಗುವಾಗ ನಾಯಿ ಅಗಿದೀತೆ? ಆದ್ದರಿಂದ ಊಟ ಚೆನ್ನಾಗಿ ಮಾಡುತ್ತಿದೆ ಎಂಬ ಒಂದೇ ಕಾರಣಕ್ಕೆ ಮುರಿದ ಹಲ್ಲು ನೋಯುತ್ತಿಲ್ಲವೆಂದು ತೀರ್ಮಾನಿಸುವಂತಿಲ್ಲ. ಒಂದೇ ಪಕ್ಕದಲ್ಲಿ ಕಡಿಯುವುದು, ಬಾಯಿಗೆ ತೆಗೆದುಕೊಂಡದ್ದನ್ನು ಬೀಳಿಸುವುದು, ಮುಖ ಮುಟ್ಟಲು ಹೋದರೆ ಹಿಂದೆ ಸರಿಯುವುದು ಇವನ್ನು ಗಮನಿಸಬೇಕು. ಕಣ್ಣಿನ ಕೆಳಗೆ ಊದಿಕೊಂಡರೆ ಏನೋ ಹುಳ ಕಚ್ಚಿರಬೇಕು ಎಂದು ಸುಮ್ಮನಾಗುವವರಿದ್ದಾರೆ. ಮೇಲ್ದವಡೆಯ ದೊಡ್ಡ ಹಲ್ಲಿನ ಬೇರಿನಲ್ಲಿ ಕೀವು ಕಟ್ಟಿದರೂ ಊದುವುದು ಅದೇ ಜಾಗ.

ಜೊಲ್ಲು ಸುರಿಸುತ್ತಾ, ಕೆಳದವಡೆ ಜೋತುಬಿದ್ದು, ನೀರು ನುಂಗಲಾಗದೆ, ಸ್ವಭಾವವೇ ಬದಲಾದಂತಿರುವ ನಾಯಿಯ ಬಾಯಿಗೆ, ಮೂಳೆ ಸಿಕ್ಕಿಕೊಂಡಿರಬಹುದೆಂದು ಖಂಡಿತ ಕೈ ಹಾಕಬಾರದು. ರೇಬಿಸ್ ಕೂಡ ಹೀಗೆಯೇ ಕಾಣಿಸುತ್ತದೆ. ಕೂಡಲೇ ಪಶುವೈದ್ಯರಿಗೆ ತಿಳಿಸಬೇಕು.

ಅಂಥ ಲಕ್ಷಣಗಳಿಲ್ಲದಿದ್ದರೆ, ಬಾಯಿ ಅಗಲಿಸದೆ ತುಟಿಯನ್ನಷ್ಟೇ ಎತ್ತಿ ಟಾರ್ಚ್ ಬೆಳಕಿನಲ್ಲಿ ನೋಡಿ. ಮುರಿದ ಜಾಗದ ನಡುವೆ ಕೆಂಪು ಚುಕ್ಕೆಯಿದ್ದರೆ ನರ, ರಕ್ತನಾಳಗಳಿರುವ ಹಲ್ಲಿನ ಒಳತಿರುಳು ತೆರೆದುಕೊಂಡಿದೆ ಎಂದರ್ಥ. ಅದೇ ಚುಕ್ಕೆ ಕಪ್ಪಗಿದ್ದರೆ ಪೆಟ್ಟು ಹಳೆಯದು, ಸೋಂಕು ಬೇರಿನತ್ತ ಇಳಿದಿರುವ ಸಾಧ್ಯತೆ ಹೆಚ್ಚು. ಮುರಿಯದೆಯೂ ಇಡೀ ಹಲ್ಲು ಬೂದು ಅಥವಾ ನೇರಳೆ ಬಣ್ಣಕ್ಕೆ ತಿರುಗಿದ್ದರೆ ತಿರುಳು ಸತ್ತಿರಬಹುದು.

ತುದಿ ಮಾತ್ರ ಚೂರು ಹೋಗಿದ್ದರೆ ಎಕ್ಸ್‌ರೇ ನೋಡಿ ನಯಗೊಳಿಸಿದರೆ ಸಾಕಾಗಬಹುದು. ತಿರುಳು ತೆರೆದಿದ್ದರೆ ರೂಟ್ ಕೆನಾಲ್ (ತಿರುಳು ತೆಗೆದು ಒಳಗೆ ತುಂಬಿ ಮುಚ್ಚುವ ಚಿಕಿತ್ಸೆ) ಮಾಡಿಸಬೇಕು, ಇಲ್ಲವೇ ಹಲ್ಲು ಕೀಳಿಸಬೇಕು; ‘ನೋಡೋಣ, ಬಿಡಿ’ ಎನ್ನುವುದು ಚಿಕಿತ್ಸೆಯಲ್ಲ. ಒಂದೂವರೆ ವರ್ಷದೊಳಗಿನ ನಾಯಿಯಾದರೆ, 48 ಗಂಟೆಯೊಳಗೆ ಕರೆದೊಯ್ದಲ್ಲಿ ತಿರುಳನ್ನು ಜೀವಂತವಾಗಿ ಉಳಿಸುವ ಅವಕಾಶವೂ ಇರುತ್ತದೆ. ಮರಿಯ ಹಾಲುಹಲ್ಲು ಮುರಿದಾಗ ಹೇಗೂ ಬೀಳುತ್ತದೆಂದು ಬಿಡಬಾರದು, ಒಳಗಿರುವ ಶಾಶ್ವತ ಹಲ್ಲನ್ನು ಸೋಂಕು ಕೆಡಿಸಬಲ್ಲದು. ಈ ಕೆಲಸಗಳಿಗೆ ಪೂರ್ಣ ಅರಿವಳಿಕೆ ಬೇಕಾಗುವುದರಿಂದ ಮೊದಲು ಸ್ಥಳೀಯ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಅಲ್ಲಿ ಅನುಕೂಲವಿಲ್ಲದಿದ್ದರೆ ಎಲ್ಲಿಗೆ ಹೋಗಬೇಕೆಂದು ಅವರನ್ನೇ ಕೇಳಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಬೆಂಗಳೂರಿಗೆ ಹೋಗುವ ದಾರಿಯಲ್ಲೇ ಸಿಗುತ್ತದೆ.

ಅಲ್ಲಿಯವರೆಗೆ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಕೊಡಬೇಡಿ, ನಾಯಿಗೆ ಅವು ವಿಷವಾಗಬಲ್ಲವು. ನಮ್ಮ ಟೂತ್‌ಪೇಸ್ಟ್ ಕೂಡ ಬೇಡ. ಮೂಳೆ ತೆಗೆದ ಕೋಳಿಮಾಂಸ ಬೇಯಿಸಿದ ನೀರಿನಲ್ಲಿ ಮುದ್ದೆ ಕಿವುಚಿ ಕೊಡಬಹುದು. ಮನೆಯ ಸಾರು ಬೇಡ, ಅದರ ಈರುಳ್ಳಿ ಬೆಳ್ಳುಳ್ಳಿ ನಾಯಿಗೆ ಆಗುವುದಿಲ್ಲ.

ಇನ್ನು ಹಲ್ಲು ಮುರಿಸುವ ವಸ್ತುಗಳೆಂದರೆ ಭಾನುವಾರದ ಮಟನ್ ಮೂಳೆ, ಕಟ್ಟಿದ ಸರಪಳಿ, ಅಂಗಳದ ಜಲ್ಲಿಕಲ್ಲು. ಹೆಬ್ಬೆರಳ ಉಗುರಿನಿಂದ ಒತ್ತಿದರೆ ಗುರುತು ಮೂಡದ ಯಾವುದನ್ನೂ ಕಡಿಯಲು ಕೊಡಬೇಡಿ.