ರುಥೇನಿಯಂ ಹಿಸ್ಟೋನ್ ಮೇಲೆ ಎಲ್ಲಿ ಕೂರುತ್ತೆ ಅಂತ ನೋಡಿದ ಬಗೆ

ಲೋಹದ ಕ್ಯಾನ್ಸರ್ ಔಷಧ ಅಂದ್ರೆ ಎಲ್ಲರ ಕಣ್ಣೂ ಡಿಎನ್ಎ ಮೇಲೇ ಹೋಗುತ್ತೆ. ಪ್ಲಾಟಿನಂ ಔಷಧ ಸಿಸ್‌ಪ್ಲಾಟಿನ್ ಪಕ್ಕಪಕ್ಕದ ಎರಡು ಗ್ವಾನೀನ್‌ಗಳ ಎನ್7 (ಏಳನೇ ಸ್ಥಾನದ ನೈಟ್ರೋಜನ್) ಹಿಡ್ಕೊಂಡು ಡಿಎನ್ಎನ ಬಗ್ಗಿಸುತ್ತೆ, ಅದು ಸರಿನೇ. ಆದ್ರೆ ಜೀವಕೋಶದ ಒಳಗೆ ಡಿಎನ್ಎ ಬರಿದಾಗಿ ಇರಲ್ಲ, ಸುಮಾರು 147 ಬೇಸ್ ಜೋಡಿ ಎಂಟು ಹಿಸ್ಟೋನ್ ಪ್ರೋಟೀನ್‌ಗಳಿಗೆ ಸುತ್ಕೊಂಡು ನ್ಯೂಕ್ಲಿಯೋಸೋಮ್ ಆಗಿರುತ್ತೆ, ಹಾಗಾಗಿ ರಾಪ್ಟಾ-ಸಿ ಅನ್ನೋ ರುಥೇನಿಯಂ ಔಷಧದ ಪರೀಕ್ಷೆ ಮಾಡಿದ್ರೆ ಅದರ ಮೇಲೇ ಮಾಡ್ಬೇಕು ಅಂತ ನಾನು ಹಠ ಹಿಡಿದಿದ್ದೆ.

ಹಿಸ್ಟೋನ್‌ಗಳನ್ನ ಇ. ಕೋಲಿಯಲ್ಲಿ ಮಾಡಿಸಿ, ಗ್ವಾನಿಡೀನ್‌ನಲ್ಲಿ ಬಿಚ್ಚಿ, 2 ಮೋಲಾರ್ ಉಪ್ಪಲ್ಲಿ ಆಕ್ಟಮರ್ (ಎಂಟು ಹಿಸ್ಟೋನ್‌ಗಳ ಗುಂಪು) ಕಟ್ಟಿ, ಡಿಎನ್ಎ ಸೇರಿಸಿ ಉಪ್ಪು ನಿಧಾನಕ್ಕೆ ಇಳಿಸಿ, ಕ್ರಿಸ್ಟಲ್ ಬೆಳೆಸೋದು. ಇಷ್ಟೂ ಪ್ರೋಟೋಕಾಲ್ ನೋಡ್ಕೊಂಡು ಮಾಡಬಹುದು.

ಕಷ್ಟ ಇರೋದು ಕ್ರಿಸ್ಟಲ್‌ನ ಔಷಧದಲ್ಲಿ ನೆನೆಸೋ ಹಂತದಲ್ಲಿ. ಪ್ರೋಟೀನ್ ಕೆಡದಿರಲಿ ಅಂತ ಹಾಕೋ ಡಿಟಿಟಿ ಉಳಿದಿದ್ರೆ ಅದರ ಗಂಧಕ ಲೋಹವನ್ನ ಮೊದಲೇ ಕಬಳಿಸಿಬಿಡುತ್ತೆ, ಡಿಎಂಎಸ್ಓ ಅನ್ನೋ ದ್ರಾವಕದಲ್ಲಿ ಕರಗಿಸಿದ್ರೆ ಸಿಸ್‌ಪ್ಲಾಟಿನ್ ಸಿಸ್‌ಪ್ಲಾಟಿನ್ ಆಗೇ ಉಳಿಯಲ್ಲ, ಟ್ರಿಸ್ ಬಫರ್‌ಗೂ ಲೋಹ ಹಿಡಿಯೋ ಅಮೀನ್ ಇದೆ. ಇನ್ನೊಂದು, ಈ ಕ್ರಿಸ್ಟಲ್ ಬೆಳೆಯೋದೇ ಮ್ಯಾಂಗನೀಸ್ ಕ್ಲೋರೈಡ್‌ನಲ್ಲಿ. ಆ ಮ್ಯಾಂಗನೀಸ್ ತಾನೂ ಗ್ವಾನೀನ್ ಎನ್7 ಹತ್ರ ಕೂರುತ್ತೆ, ಜೊತೆಗೆ ಕ್ಲೋರೈಡ್ ಜಾಸ್ತಿ ಇದ್ರೆ ಔಷಧದ ಕ್ಲೋರೈಡ್ ಬಿಟ್ಟು ನೀರು ಬರೋ ಕ್ರಿಯೆ ತಡೆಯಾಗುತ್ತೆ, ಅದಿಲ್ದೆ ಲೋಹ ಎಲ್ಲೂ ಸರಿಯಾಗಿ ಅಂಟಲ್ಲ. ಅದಕ್ಕೇ ಬಫರ್‌ನ ಹಂತಹಂತವಾಗಿ ಮೆಗ್ನೀಶಿಯಂ ಸಲ್ಫೇಟ್‌ಗೆ ಬದಲಾಯಿಸಿದೆ, ಎರಡೂ ತೊಂದರೆ ಒಟ್ಟಿಗೆ ಹೋಯ್ತು. ಅವಸರ ಮಾಡಿದ್ರೆ ಕ್ರಿಸ್ಟಲ್ ಬಿರುಕು ಬಿಡುತ್ತೆ, ಇಲ್ಲಿ ತಾಳ್ಮೆ ಬೇಕೇಬೇಕು.

ಕ್ರಿಸ್ಟಲ್‌ನ ಎಕ್ಸ್-ರೇ ಡೇಟಾ ತೆಗೆಯುವಾಗ ರುಥೇನಿಯಂನ ಕೆ ಎಡ್ಜ್ (ಅದು ಎಕ್ಸ್-ರೇಯನ್ನ ಹಠಾತ್ತಾಗಿ ಜಾಸ್ತಿ ಹೀರೋ ಶಕ್ತಿ), ಅಂದ್ರೆ ಸುಮಾರು 22.1 ಕೆಇವಿ, ಅದರ ಮೇಲೊಂದು ಕೆಳಗೊಂದು ಸೆಟ್ ತಗೊಳ್ಳಿ. ಎಡ್ಜ್ ದಾಟಿದಾಗ ಮಾತ್ರ ಮ್ಯಾಪ್‌ನಲ್ಲಿ ಎದ್ದು ಕಾಣೋ ಪೀಕ್ ರುಥೇನಿಯಂದು, ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಥರ ಇರೋದನ್ನ ನಂಬಬೇಡಿ.

ರಾಪ್ಟಾ-ಸಿ ಹಾಕಿದಾಗ ಪೀಕ್ ಬಂದಿದ್ದು ಹಿಸ್ಟೋನ್‌ಗಳ ಆಸಿಡಿಕ್ ಪ್ಯಾಚ್‌ನಲ್ಲಿ (ಋಣ ಆವೇಶ ಜಾಸ್ತಿ ಇರೋ ಜಾಗ), ಎಚ್2ಎ ಹಿಸ್ಟೋನ್‌ನ 61 ಮತ್ತು 64ನೇ ಗ್ಲುಟಮೇಟ್ ಅಮೈನೋ ಆಮ್ಲ, ಎಚ್2ಬಿ ಹಿಸ್ಟೋನ್‌ನ 102ನೇದರ ಹತ್ರ. 2011ರಲ್ಲೇ ಇದು ಪ್ರಕಟವಾಗಿತ್ತು, ಆದ್ರೂ ನನ್ನದೇ ಮ್ಯಾಪ್‌ನಲ್ಲಿ ನೋಡಿದಾಗ ಆದ ಖುಷಿ ಬೇರೆ! ಅದೇ ರುಥೇನಿಯಂ, ಅದೇ ಸೈಮೀನ್ ರಿಂಗ್, ಆದ್ರೆ ಫಾಸ್ಫೀನ್ ಬದಲು ಎಥಿಲೀನ್‌ಡೈಅಮೀನ್ ಇರೋ ರೇಡ್-ಸಿ ಹಾಕಿದ್ರೆ ಹೆಚ್ಚಾಗಿ ಡಿಎನ್ಎ ಕಡೆ ಹೋಗುತ್ತೆ. ರೇಡ್-ಸಿ ಕೋಶಗಳನ್ನ ಜೋರಾಗಿ ಕೊಲ್ಲುತ್ತೆ, ರಾಪ್ಟಾ-ಸಿ ಅಷ್ಟು ಕೊಲ್ಲಲ್ಲ, ಅದರ ಹೆಸರು ಇರೋದು ಕ್ಯಾನ್ಸರ್ ಹರಡೋದನ್ನ ತಡೆಯೋದಕ್ಕೆ.

ಕ್ರಿಸ್ಟಲ್ ಒಂದೇ ಸಾಕ್ಷಿ ಅಂತ ನಿಲ್ಲಿಸ್ಬೇಡಿ. ಔಷಧ ಕೊಟ್ಟ ಕೋಶಗಳಿಂದ ಕ್ರೊಮ್ಯಾಟಿನ್ ತೆಗೆದು, ಹಿಸ್ಟೋನ್ ಬೇರೆ ಡಿಎನ್ಎ ಬೇರೆ ಮಾಡಿ, ಐಸಿಪಿ-ಎಂಎಸ್‌ನಲ್ಲಿ (ಲೋಹದ ಪ್ರಮಾಣ ಅಳೆಯೋ ಯಂತ್ರ) ಯಾವುದರಲ್ಲಿ ಎಷ್ಟು ಲೋಹ ಇದೆ ಅಂತ ಅಳೀರಿ.