ಮಗುವಿಗೆ ಒಬ್ಬ ಡಾಕ್ಟರು, ಮನೆಯಲ್ಲಿ ಒಂದು ಫೈಲು: ಹೊಂದಿಸಿಕೊಳ್ಳುವುದು ಹೇಗೆ?

ನನ್ನ ಮಗಳಿಗೆ ಆಗ ಹದಿನಾಲ್ಕು ತಿಂಗಳು. ರಾತ್ರಿ ಹನ್ನೊಂದೂವರೆಗೆ ಮೈ ಕೆಂಡದಂತೆ ಸುಡುತ್ತಿತ್ತು. ಹೆಗಲ ಮೇಲೆ ಹಾಕಿಕೊಂಡು ಆಟೊ ಹತ್ತಿ ಒಂದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಓಡಿದೆವು. ಡ್ಯೂಟಿಯಲ್ಲಿದ್ದ ಡಾಕ್ಟರು ಮೊದಲು ಕೇಳಿದ್ದು, "ತೂಕ ಎಷ್ಟಿದ್ದಾಳೆ?" ನಾನೂ ನನ್ನ ಗಂಡನೂ ಮುಖ ಮುಖ ನೋಡಿಕೊಂಡೆವು. "ಏನು ಔಷಧಿ ಕೊಟ್ಟಿದ್ದೀರಿ?" ನಾನು ಬ್ಯಾಗಿನಿಂದ ಒಂದು ಬಾಟಲಿ ತೆಗೆದೆ. ಅತ್ತೆ ತಮ್ಮ ಕೈಚೀಲದಿಂದ ಇನ್ನೊಂದು ತೆಗೆದರು. ಹೆಸರು ಬೇರೆ, ಬಣ್ಣ ಬೇರೆ. ಒಂದನ್ನು ನಮ್ಮ ಬಡಾವಣೆಯ ಕ್ಲಿನಿಕ್ಕಿನಲ್ಲಿ ಬರೆದುಕೊಟ್ಟಿದ್ದರು, ಇನ್ನೊಂದನ್ನು ನನ್ನ ತವರು ಹಾಸನದಲ್ಲಿ. ಡಾಕ್ಟರು ಎರಡನ್ನೂ ಲೈಟಿನ ಕೆಳಗೆ ತಿರುಗಿಸಿ ಸಣ್ಣ ಅಕ್ಷರ ಓದಿದರು. ಎರಡರೊಳಗೂ ಇದ್ದದ್ದು ಪ್ಯಾರಾಸಿಟಮಾಲ್. ನಾನೊಮ್ಮೆ, ಅತ್ತೆಯೊಮ್ಮೆ, ಅರ್ಧ ಗಂಟೆಯ ಅಂತರದಲ್ಲಿ ಒಂದೇ ಔಷಧಿಯನ್ನು ಎರಡು ಸಲ ಕುಡಿಸಿದ್ದೆವು.

ಮಗಳಿಗೆ ಏನೂ ಆಗಲಿಲ್ಲ, ಬೆಳಗಿನ ಹೊತ್ತಿಗೆ ಜ್ವರ ಇಳಿಯಿತು. ಆದರೆ ಆ ರಾತ್ರಿ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆ: ಹುಟ್ಟಿದಾಗಿನಿಂದ ಅವಳನ್ನು ಐದು ಜನ ಡಾಕ್ಟರು ನೋಡಿದ್ದರು. ಐವರೂ ಒಳ್ಳೆಯವರೇ. ಅವಳ ಪೂರ್ತಿ ಕಥೆ ಮಾತ್ರ ಐವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಬೀದಿಗೊಂದು ಕ್ಲಿನಿಕ್ ಇರುವ ಬೆಂಗಳೂರಿನಲ್ಲಿ ನಮ್ಮಂಥ ಎಷ್ಟೋ ಮನೆಗಳ ಪಾಡು ಇದೇ.

ಇದಕ್ಕೆ ಮಕ್ಕಳ ವೈದ್ಯಶಾಸ್ತ್ರದಲ್ಲಿ ಹಳೆಯದೊಂದು ಉತ್ತರವಿದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1967ರಲ್ಲಿ 'ಮೆಡಿಕಲ್ ಹೋಮ್' ಎಂಬ ಮಾತನ್ನು ಬಳಸಿತು. ಆಗ ಅದರ ಅರ್ಥ ತೀರಾ ಸರಳ: ದೀರ್ಘಕಾಲದ ತೊಂದರೆ ಇರುವ ಮಗುವಿನ ಎಲ್ಲ ದಾಖಲೆಗಳೂ ಒಂದೇ ಕಡೆ ಇರಲಿ. ಮುಂದೆ ಹವಾಯಿಯ ಮಕ್ಕಳ ವೈದ್ಯ ಕ್ಯಾಲ್ವಿನ್ ಸಿಯಾರಂಥವರು ಅದನ್ನು ಬೆಳೆಸಿದರು. ಮಗುವನ್ನು ಹುಟ್ಟಿನಿಂದ ಬಲ್ಲ ಒಬ್ಬ ಡಾಕ್ಟರು, ಅವರ ಜೊತೆ ಸರಿಸಮನಾಗಿ ಕೂತು ಮಾತಾಡುವ ಮನೆಯವರು, ಬೇರೆ ತಜ್ಞರ ಬಳಿ ಹೋದರೂ ತಿರುಗಿ ಬರಲು ಒಂದು ನೆಲೆ. ಇಷ್ಟನ್ನು ನಾವು ಇಲ್ಲಿಯೇ, ದೊಡ್ಡ ಖರ್ಚಿಲ್ಲದೆ ಹೊಂದಿಸಿಕೊಳ್ಳಬಹುದು.

ಮೊದಲ ಹೆಜ್ಜೆ: ಹತ್ತಿರದ ಡಾಕ್ಟರನ್ನು ಆರಿಸಿಕೊಳ್ಳಿ

ಹೆಸರುವಾಸಿ ಡಾಕ್ಟರನ್ನು ಹುಡುಕಿಕೊಂಡು ಊರಾಚೆ ಹೋಗಬೇಡಿ. ಮಳೆ ಸುರಿಯುವ ಸಂಜೆ ಆರೂವರೆಗೆ ಮಗುವನ್ನೆತ್ತಿಕೊಂಡು ಅಲ್ಲಿಗೆ ತಲುಪಲು ಎಷ್ಟು ಹೊತ್ತು ಬೇಕು? ಕಾಲು ಗಂಟೆ ದಾಟಿದರೆ ಬೇರೆ ಕಡೆ ನೋಡಿ. ಖಾಸಗಿ ಮಕ್ಕಳ ವೈದ್ಯರಾದರೂ ಸರಿ, ಮನೆಮಂದಿಯನ್ನೆಲ್ಲ ವರ್ಷಗಳಿಂದ ನೋಡುತ್ತಿರುವ ಫ್ಯಾಮಿಲಿ ಡಾಕ್ಟರಾದರೂ ಸರಿ, ವಾರ್ಡಿನ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಸರ್ಕಾರದ 'ನಮ್ಮ ಕ್ಲಿನಿಕ್' ಆದರೂ ಸರಿ. ಸರ್ಕಾರಿ ಕೇಂದ್ರದಲ್ಲಿ ತಪಾಸಣೆಯೂ ಔಷಧಿಯೂ ಉಚಿತ. ಅದು ಬಡವರಿಗೆ ಮಾತ್ರ ಎಂಬ ಭಾವನೆಯನ್ನು ದಯವಿಟ್ಟು ಬಿಡಿ. ಲಸಿಕೆಯ ವಿಷಯದಲ್ಲಿ ಅಲ್ಲಿನ ನರ್ಸಮ್ಮಂದಿರಿಗಿರುವ ಕೈಪಳಗಿಕೆ ದೊಡ್ಡದು.

ಡಾಕ್ಟರನ್ನು ಕೇಳಬೇಕಾದದ್ದು ಮೂರೇ. ನೀವು ರಜೆಯಲ್ಲಿದ್ದಾಗ ಯಾರು ನೋಡುತ್ತಾರೆ? ಸಣ್ಣ ಅನುಮಾನಕ್ಕೆ ಫೋನ್ ಮಾಡಬಹುದೇ, ಯಾವ ಹೊತ್ತಿನಲ್ಲಿ? ಮಗುವನ್ನು ಹಗಲೆಲ್ಲ ನೋಡಿಕೊಳ್ಳುವ ಅಜ್ಜಿಯ ಜೊತೆ ಅವರ ಭಾಷೆಯಲ್ಲಿ ಮಾತಾಡುತ್ತೀರಾ? ಈ ಮೂರನೆಯದು ಎಲ್ಲಕ್ಕಿಂತ ಮುಖ್ಯ ಎಂದು ನನಗೆ ಅನ್ನಿಸುತ್ತದೆ. ಔಷಧಿ ಕುಡಿಸುವ ಕೈ ಯಾರದೋ, ಅವರಿಗೆ ವಿಷಯ ಅರ್ಥವಾಗಬೇಕು.

ಎರಡನೇ ಹೆಜ್ಜೆ: ಮಗು ಚೆನ್ನಾಗಿರುವಾಗ ಒಮ್ಮೆ ಹೋಗಿ

ಜ್ವರ ಬಂದ ದಿನ ಡಾಕ್ಟರು ಜ್ವರವನ್ನಷ್ಟೇ ನೋಡಲು ಸಾಧ್ಯ. ಮಗು ನಗುತ್ತಿರುವ ದಿನ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಹೋದರೆ ತೂಕ, ಉದ್ದ, ತಲೆಯ ಸುತ್ತಳತೆ ಮೂರನ್ನೂ ಅಳೆಸಿ ಬೆಳವಣಿಗೆಯ ಚಾರ್ಟಿನಲ್ಲಿ ಚುಕ್ಕೆ ಇಡಿಸಬಹುದು. ಸಾಮಾನ್ಯವಾಗಿ ಹುಟ್ಟಿದಾಗಿನ ತೂಕ ಐದು ತಿಂಗಳಿಗೆ ಎರಡರಷ್ಟು, ಒಂದು ವರ್ಷಕ್ಕೆ ಮೂರರಷ್ಟಾಗುತ್ತದೆ. ಪಕ್ಕದ ಮನೆಯ ಮಗು ಗುಂಡುಗುಂಡಾಗಿದೆ ಎಂದು ಕೊರಗುವ ಬದಲು ನಿಮ್ಮ ಮಗುವಿನ ಚುಕ್ಕೆಗಳು ತಮ್ಮದೇ ಗೆರೆಯಲ್ಲಿ ಮೇಲೇರುತ್ತಿವೆಯೇ ನೋಡಿ. ಗೆರೆ ಬಿಟ್ಟು ಕೆಳಗೆ ಜಾರಿದರೆ ಡಾಕ್ಟರ ಜೊತೆ ಮಾತಾಡಬೇಕು. ಆ ಜಾರುವಿಕೆ ಕಾಣುವುದು ನಾಲ್ಕಾರು ಚುಕ್ಕೆಗಳು ಒಂದೇ ಹಾಳೆಯ ಮೇಲಿದ್ದರೆ ಮಾತ್ರ.

ಅದೇ ದಿನ ಮನೆಯ ರೂಢಿಗಳನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿ. ಬಜೆ ತೇಯ್ದು ನೆಕ್ಕಿಸುತ್ತೀರಾ, ಗ್ರೈಪ್ ವಾಟರ್ ಕೊಡುತ್ತೀರಾ, ಕಣ್ಣಿಗೆ ಕಾಡಿಗೆ ಹಚ್ಚುತ್ತೀರಾ, ಕಿವಿಗೆ ಎಣ್ಣೆ ಬಿಡುತ್ತೀರಾ? ಬೈಯುತ್ತಾರೆಂದು ಬಚ್ಚಿಟ್ಟರೆ ನಷ್ಟ ಮಗುವಿಗೆ. ಆರು ತಿಂಗಳ ತನಕ ಎದೆಹಾಲು ಬಿಟ್ಟು ಏನೂ ಬೇಡ, ನೀರೂ ಬೇಡ. ನಮ್ಮ ಡಾಕ್ಟರು ಅತ್ತೆಯನ್ನು ಎದುರು ಕೂರಿಸಿಕೊಂಡು, "ಅಮ್ಮ, ಎಣ್ಣೆ ಮಾಲೀಶು ನೀವೇ ಮಾಡಿ, ಕಿವಿಗೆ ಮೂಗಿಗೆ ಮಾತ್ರ ಬಿಡಬೇಡಿ" ಎಂದರು. ಅತ್ತೆ ಮರುದಿನದಿಂದಲೇ ಹಾಗೆ ಮಾಡಿದರು. ಅದೇ ಮಾತನ್ನು ನಾನು ತಿಂಗಳುಗಟ್ಟಲೆ ಹೇಳಿ ಜಗಳವಾಗಿತ್ತು.

ಮೂರನೇ ಹೆಜ್ಜೆ: ಫೈಲು

ಆಸ್ಪತ್ರೆಯ ಕಂಪ್ಯೂಟರು ಇನ್ನೊಂದು ಆಸ್ಪತ್ರೆಯ ಕಂಪ್ಯೂಟರಿನೊಂದಿಗೆ ಮಾತಾಡುತ್ತದೆ ಎಂದು ನಂಬಿ ಕೂರಬೇಡಿ. ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಯಾವುದೇ ಸ್ಟೇಷನರಿ ಅಂಗಡಿಯಲ್ಲಿ ಪ್ಲಾಸ್ಟಿಕ್ ಜೇಬುಗಳಿರುವ ಫೈಲು ಸಿಗುತ್ತದೆ. ಮೊದಲ ಜೇಬಿನಲ್ಲಿ ಒಂದೇ ಹಾಳೆ, ದಪ್ಪಕ್ಷರದಲ್ಲಿ: ಮಗುವಿನ ಹೆಸರು, ಹುಟ್ಟಿದ ದಿನ, ರಕ್ತದ ಗುಂಪು ಗೊತ್ತಿದ್ದರೆ ಅದು, ಯಾವ ಔಷಧಿ ಅಥವಾ ಆಹಾರಕ್ಕೆ ಅಲರ್ಜಿ, ದಿನವೂ ಕೊಡುವ ಔಷಧಿ, ಡಾಕ್ಟರ ಫೋನ್ ನಂಬರು, ಕೊನೆಯ ತೂಕ ಮತ್ತು ಅದರ ತಾರೀಖು. ಹಿಂದಿನ ಜೇಬುಗಳಲ್ಲಿ ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಸಾರಾಂಶ, ಲಸಿಕೆ ಕಾರ್ಡ್, ಲ್ಯಾಬ್ ವರದಿಗಳು. ಹೊಸದು ಮುಂದೆ, ಹಳೆಯದು ಹಿಂದೆ. ಪ್ರತಿ ಪುಟದ ಫೋಟೊ ಗಂಡ ಹೆಂಡತಿ ಇಬ್ಬರ ಮೊಬೈಲಿನಲ್ಲೂ ಇರಲಿ.

ಬಾಣಂತನಕ್ಕೆ ತವರಿಗೆ ಹೋದವರು ಇಲ್ಲಿ ವಿಶೇಷ ಗಮನ ಕೊಡಿ. ಹುಟ್ಟಿದಾಗಿನ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ ತವರೂರಿನ ಆಸ್ಪತ್ರೆಯಲ್ಲಿ ಆಗಿರುತ್ತವೆ. 6, 10, 14 ವಾರಗಳ ಪೆಂಟಾವಲೆಂಟ್ (ಐದು ರೋಗಗಳಿಗೆ ಒಂದೇ ಲಸಿಕೆ), ರೋಟಾ ಹನಿ ಕೂಡ ಅಲ್ಲೇ. ಐದನೇ ತಿಂಗಳಿಗೆ ಮಗು ಬೆಂಗಳೂರಿಗೆ ಬರುತ್ತದೆ, ಕಾರ್ಡು ತವರಿನ ಬೀರುವಿನಲ್ಲಿ ಉಳಿಯುತ್ತದೆ. ಒಂಬತ್ತನೇ ತಿಂಗಳ ದಡಾರ-ರುಬೆಲ್ಲಾ ಹೊತ್ತಿಗೆ ಯಾವುದಾಗಿದೆ ಯಾವುದಿಲ್ಲ ಎಂದು ಯಾರಿಗೂ ನೆನಪಿಲ್ಲ. ಮಗುವಿನ ಬಟ್ಟೆಗಿಂತ ಮೊದಲು ಕಾರ್ಡು ಬ್ಯಾಗಿಗೆ ಹೋಗಲಿ. ಒಂದು ಡೋಸ್ ತಪ್ಪಿದ್ದರೆ ಹೆದರಬೇಡಿ, ಮೊದಲಿನಿಂದ ಶುರು ಮಾಡಬೇಕಾಗಿಲ್ಲ, ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. 16ರಿಂದ 24 ತಿಂಗಳ ಬೂಸ್ಟರ್, 5-6 ವರ್ಷದ ಡಿಪಿಟಿ, 10 ಮತ್ತು 16 ವರ್ಷದ ಟಿಡಿ (ಧನುರ್ವಾಯು, ಗಂಟಲಮಾರಿಯ ಚುಚ್ಚುಮದ್ದು) ಬಹಳ ಮನೆಗಳಲ್ಲಿ ಮರೆತುಹೋಗುವಂಥವು. ಈಗಲೇ ಮೊಬೈಲಿನಲ್ಲಿ ರಿಮೈಂಡರ್ ಹಾಕಿಬಿಡಿ. ಸರ್ಕಾರಿ ಕೇಂದ್ರದಲ್ಲಿ ಕೆಲವನ್ನು, ಖಾಸಗಿಯಲ್ಲಿ ಟೈಫಾಯ್ಡ್, ಫ್ಲೂ ಮುಂತಾದವನ್ನು ಹಾಕಿಸುವುದಾದರೆ ಎರಡೂ ಒಂದೇ ಕಾರ್ಡಿನಲ್ಲಿ ನಮೂದಾಗಲಿ.

ನಾಲ್ಕನೇ ಹೆಜ್ಜೆ: ಜ್ವರದ ಬಾಟಲಿ ಒಂದೇ ಇರಲಿ

ನನಗೆ ಪಾಠವಾದದ್ದು ಇಲ್ಲಿ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಕ್ಕಳ ಪ್ಯಾರಾಸಿಟಮಾಲ್ ಅಂಗಡಿಯಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಗಾಢತೆಯಲ್ಲಿ ಸಿಗುತ್ತದೆ: ಒಂದು ಎಂ.ಎಲ್.ಗೆ 100 ಮಿಲಿಗ್ರಾಂ ಇರುವ ಡ್ರಾಪ್ಸ್, 5 ಎಂ.ಎಲ್.ಗೆ 125 ಮಿಲಿಗ್ರಾಂ ಇರುವ ಸಿರಪ್, 5 ಎಂ.ಎಲ್.ಗೆ 250 ಮಿಲಿಗ್ರಾಂ ಇರುವ ಸಿರಪ್. ಒಂದು ಸಲದ ಪ್ರಮಾಣ ಮಗುವಿನ ಪ್ರತಿ ಕೆ.ಜಿ. ತೂಕಕ್ಕೆ 10ರಿಂದ 15 ಮಿಲಿಗ್ರಾಂ. ಹತ್ತು ಕೆ.ಜಿ.ಯ ಮಗುವಿಗೆ 150 ಮಿಲಿಗ್ರಾಂ ಎಂದುಕೊಳ್ಳಿ. ಅದು ಡ್ರಾಪ್ಸಿನಲ್ಲಿ ಒಂದೂವರೆ ಎಂ.ಎಲ್., 125ರ ಸಿರಪ್ಪಿನಲ್ಲಿ 6 ಎಂ.ಎಲ್., 250ರದ್ದರಲ್ಲಿ 3 ಎಂ.ಎಲ್. 125ರ ಸಿರಪ್ಪಿನ ಲೆಕ್ಕದಲ್ಲಿ ಡ್ರಾಪ್ಸ್ ಕುಡಿಸಿದರೆ ನಾಲ್ಕು ಪಟ್ಟು ಹೊಟ್ಟೆಗೆ ಹೋಗುತ್ತದೆ. ಅತಿಯಾದರೆ ಪೆಟ್ಟು ಲಿವರಿಗೆ.

ಆದ್ದರಿಂದ ಡಾಕ್ಟರ ಹತ್ತಿರ ನಿಮ್ಮ ಮನೆಯ ಬಾಟಲಿಯನ್ನೇ ಒಯ್ದು, ಈಗಿನ ತೂಕಕ್ಕೆ ಎಷ್ಟು ಎಂ.ಎಲ್. ಎಂದು ಅದರ ಮೇಲೆಯೇ ಬರೆಸಿ. ಬೇರೆ ಬಾಟಲಿಗಳನ್ನು ಮನೆಯಿಂದ ಆಚೆ ಹಾಕಿ. ಅಡುಗೆಮನೆಯ ಚಮಚ ಬೇಡ, ಬಾಟಲಿಯ ಜೊತೆ ಬರುವ ಅಳತೆಯ ಮುಚ್ಚಳ ಅಥವಾ ಸೂಜಿಯಿಲ್ಲದ ಸಿರಿಂಜು ಬಳಸಿ. ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಕುಡಿಸಿದವರು ಗಂಟೆ ಬರೆಯಲಿ. ನಮ್ಮ ಮನೆಯ ಚೀಟಿಯಲ್ಲಿ ಅತ್ತೆಯ ಗುಂಡು ಅಕ್ಷರ, ನನ್ನ ಗೀಚು, ಕೆಲಸಕ್ಕೆ ಬರುವ ಅಕ್ಕನ ಸಹಿ ಮೂರೂ ಇರುತ್ತಿದ್ದವು. ಎರಡು ಡೋಸ್‌ಗಳ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ, ದಿನಕ್ಕೆ ನಾಲ್ಕು ಸಲ ಮೀರಬಾರದು.

ಐದನೇ ಹೆಜ್ಜೆ: ರಾತ್ರಿಗೆ ಎಲ್ಲಿಗೆ, ಈಗಲೇ ಗೊತ್ತುಮಾಡಿ

ನಿಮ್ಮ ಡಾಕ್ಟರನ್ನೇ ಕೇಳಿ: "ನೀವು ಸಿಗದ ಹೊತ್ತಲ್ಲಿ ಯಾವ ಆಸ್ಪತ್ರೆಗೆ ಹೋಗಲಿ?" ಮಕ್ಕಳನ್ನು ಇಪ್ಪತ್ತನಾಲ್ಕು ಗಂಟೆಯೂ ನೋಡುವ ಜಾಗವೇ ಆಗಬೇಕು. ಬೆಂಗಳೂರಿನ ಸರ್ಕಾರಿ ವ್ಯವಸ್ಥೆಯಲ್ಲಿ ನಿಮ್ಹಾನ್ಸ್ ಹತ್ತಿರದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಕೆ.ಆರ್. ಮಾರ್ಕೆಟ್ ಬಳಿಯ ವಾಣಿ ವಿಲಾಸ ಆಸ್ಪತ್ರೆ ಇವೆ. ಆಂಬುಲೆನ್ಸಿಗೆ 108.

ಯಾವಾಗ ಕಾಯಬಾರದು? ಮೂರು ತಿಂಗಳೊಳಗಿನ ಕೂಸಿಗೆ ಜ್ವರ, ಫಿಟ್ಸ್, ಹಾಲು ನೀರು ಏನೂ ಒಳಗಿಳಿಯದಿರುವುದು, ಕುಡಿದದ್ದೆಲ್ಲ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಸೇರುವುದು. ಉಸಿರನ್ನು ಮಗು ಮಲಗಿದ್ದಾಗ ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗೆ 60, ಅಲ್ಲಿಂದ ಒಂದು ವರ್ಷದ ತನಕ 50, ಒಂದರಿಂದ ಐದು ವರ್ಷಕ್ಕೆ 40 ಅಥವಾ ಮೇಲಿದ್ದರೆ ಅದು ಬರೀ ನೆಗಡಿಯಲ್ಲ. ಮರುದಿನ ಆ ಆಸ್ಪತ್ರೆಯ ಚೀಟಿಯನ್ನು ನಿಮ್ಮ ಡಾಕ್ಟರಿಗೆ ತೋರಿಸಿ, ಫೈಲಿಗೆ ಸೇರಿಸಿ.

ಆರನೇ ಹೆಜ್ಜೆ: ತಜ್ಞರ ಬಳಿಗೆ ಹೋಗುವಾಗ ಪತ್ರ, ಬರುವಾಗಲೂ ಪತ್ರ

ಈ ಏರ್ಪಾಟು ಎಲ್ಲರಿಗಿಂತ ಹೆಚ್ಚು ಬೇಕಾದದ್ದು ವಿಶೇಷ ಆರೈಕೆಯ ಮಕ್ಕಳಿಗೆ. ಡೌನ್ ಸಿಂಡ್ರೋಮ್ ಇರುವ ಕೂಸನ್ನೇ ತೆಗೆದುಕೊಳ್ಳಿ. ಹುಟ್ಟಿದ ಕೂಡಲೇ ಹೃದಯದ ಎಕೋ ಸ್ಕ್ಯಾನ್ ಆಗಬೇಕು. ಥೈರಾಯ್ಡ್ ಪರೀಕ್ಷೆ ಹುಟ್ಟಿದಾಗ, ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ಪ್ರತಿ ವರ್ಷ. ಕಿವಿ, ಕಣ್ಣಿನ ಪರೀಕ್ಷೆ, ಮಾತಿನ ಥೆರಪಿ ಬೇರೆ. ತಾಯಿ ಒಂದು ದಿನ ಜಯದೇವ ಹೃದ್ರೋಗ ಆಸ್ಪತ್ರೆ, ಒಂದು ದಿನ ಥೆರಪಿ ಕೇಂದ್ರ ಎಂದು ಅಲೆಯುತ್ತಾಳೆ, ಪ್ರತಿ ಕೌಂಟರಿನಲ್ಲೂ ಮೊದಲಿನಿಂದ ಕಥೆ ಹೇಳುತ್ತಾಳೆ. ಕಥೆ ಹೇಳಿ ಹೇಳಿ ಸೋತ ಅಂಥ ತಾಯಂದಿರ ಮುಖ ನೋಡಿದರೆ ನನಗೆ ಸಂಕಟವಾಗುತ್ತದೆ.

ನಿಮ್ಮ ಡಾಕ್ಟರಿಂದ ಅರ್ಧ ಪುಟದ ಪತ್ರ ಬರೆಸಿ: ಮಗುವಿಗೆ ಏನಿದೆ, ಏನು ಆಗಿದೆ, ಈಗ ಯಾವ ಪ್ರಶ್ನೆಗೆ ಉತ್ತರ ಬೇಕು. ತಜ್ಞರನ್ನು ಬಿಡುವ ಮುನ್ನ ಅವರ ನಿರ್ಧಾರವನ್ನು ಬರಹದಲ್ಲಿ ಪಡೆಯಿರಿ. ಹೊಸ ಔಷಧಿ ಹಳೆಯದಕ್ಕೆ ಹೊಂದುತ್ತದೆಯೇ ಎಂದು ನೋಡುವ ಕೆಲಸ ನಿಮ್ಮ ಡಾಕ್ಟರದು. ವರ್ಷಕ್ಕೊಮ್ಮೆ ಅವರೊಡನೆ ಕೂತು ಮುಂದಿನ ಹನ್ನೆರಡು ತಿಂಗಳ ಪಟ್ಟಿ ಮಾಡಿಕೊಳ್ಳಿ. ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವನ್ನೂ ಬಳಸಿಕೊಳ್ಳಿ. 2013ರಲ್ಲಿ ಶುರುವಾದ ಈ ಯೋಜನೆಯಲ್ಲಿ ಹುಟ್ಟಿನಿಂದ 18 ವರ್ಷದವರೆಗೆ ತಪಾಸಣೆ, ಮುಂದಿನ ಚಿಕಿತ್ಸೆ ಎರಡೂ ಉಚಿತ.

ಏಳನೇ ಹೆಜ್ಜೆ: ಮಗು ಬೆಳೆದಂತೆ ಮಾತಾಡುವುದನ್ನೂ ಅದಕ್ಕೇ ಬಿಡಿ

ಶಾಲೆಯ ಟೀಚರಿಗೆ ಅಲರ್ಜಿ, ವೀಜಿಂಗ್ (ಉಸಿರಾಡುವಾಗ ಎದೆಯಲ್ಲಿ ಸುಂಯ್‌ಗುಡುವುದು), ಇನ್‌ಹೇಲರ್ ವಿಷಯ ಒಂದು ಚೀಟಿಯಲ್ಲಿ ಬರೆದುಕೊಡಿ. ಏಳೆಂಟು ವರ್ಷಕ್ಕೆ ಎಲ್ಲಿ ನೋವು ಎಂದು ಮಗುವೇ ಡಾಕ್ಟರಿಗೆ ಹೇಳಲಿ, ನೀವು ನಡುವೆ ಬಾಯಿ ಹಾಕಬೇಡಿ. ಹನ್ನೆರಡರ ಹೊತ್ತಿಗೆ ಐದು ನಿಮಿಷ ಅವರಿಬ್ಬರನ್ನೇ ಮಾತಾಡಲು ಬಿಟ್ಟು ಹೊರಗೆ ಕೂರಿ.

ನನ್ನ ಮಗಳಿಗೆ ಈಗ ಹತ್ತು ತುಂಬಿದೆ. ಮೊನ್ನೆ ಟಿಡಿ ಚುಚ್ಚುಮದ್ದಿಗೆ ಹೋದಾಗ ನರ್ಸಮ್ಮ ತೂಕ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು ಫೈಲಿನ ಮೊದಲ ಹಾಳೆ ತೆಗೆದು ಓದಿದಳು. ಆಮೇಲೆ ಮೆಷಿನ್ ಹತ್ತಿ ನಿಂತು, ಹಳೆಯ ಅಂಕಿ ಹೊಡೆದು ಹೊಸದನ್ನು ತಾನೇ ಬರೆದಳು.